ಕುಬಸದ ಗಂಟು, ಬಾಡಿಯ ನಂಬರು

ನಮ್ಮ ಹಳಿಯಾಳ ಕಡೆ ಬ್ರಾ ಅನ್ನೋ ಶಬ್ದ ಹೆಂಗಸರ ಬಾಯಲ್ಲಿ ಅಷ್ಟಾಗಿ ಕೇಳಲ್ಲ. "ಬಾಡಿ" ಅಂತಾರೆ, ಅದೂ ದನಿ ತಗ್ಗಿಸಿ. ಅಂಗಡಿಗೆ ಹೋಗಿ "ಒಳಗಿಂದು ತೋರಸ್ರಿ" ಅಂದರೆ ಸಾಕು, ಅಂಗಡಿಯವನಿಗೆ ಗೊತ್ತಾಗುತ್ತೆ. ಅವನು "ನಂಬರ್ ಎಷ್ಟ್ರೀ?" ಅಂತಾನೆ. ಇವರು ಒಂದು ನಂಬರ್ ಹೇಳ್ತಾರೆ. ಡಬ್ಬಿ ಬರುತ್ತೆ, ಪೇಪರಿನಲ್ಲಿ ಸುತ್ತಿಸಿಕೊಂಡು ಚೀಲದ ತಳಕ್ಕೆ ಹೋಗುತ್ತೆ. ಇಡೀ ವ್ಯವಹಾರ ಎರಡು ನಿಮಿಷದ್ದು. ಒಂದು ಜೊತೆ ಚಪ್ಪಲಿಗೆ ಅರ್ಧ ತಾಸು ಕೂತು, ನಾಲ್ಕು ಜೊತೆ ಹಾಕಿ ನೋಡಿ, ಅಂಗಡಿ ತುಂಬ ಅಡ್ಡಾಡಿ ತಗೊಳ್ಳೋ ಹೆಂಗಸರೇ ದಿನಕ್ಕೆ ಹನ್ನೆರಡು ತಾಸು ಎದೆಗೆ ಅಂಟಿಕೊಂಡಿರೋ ಬಟ್ಟೆಯನ್ನು ಹೀಗೆ ಕೊಳ್ಳುತ್ತಾರೆ.

ನನ್ನ ಕುತೂಹಲ ಆ ನಂಬರಿನ ಬಗ್ಗೆ. ನಮ್ಮ ಅವ್ವನಿಗೆ ಈಗ ಅರವತ್ತೊಂದು. ಆಕೆಯ ನಂಬರ್ 40. ಇಪ್ಪತ್ತು ವರ್ಷದಿಂದಲೂ ಅದೇ. ಈ ಇಪ್ಪತ್ತು ವರ್ಷದಲ್ಲಿ ಆಕೆಯ ಮುಟ್ಟು ನಿಂತಿದೆ, ತೂಕ ಏರಿ ಇಳಿದಿದೆ, ಬೆನ್ನು ಸ್ವಲ್ಪ ಬಾಗಿದೆ, ಬಲಗಡೆ ಭುಜ ಹಿಡಿದುಕೊಂಡಿದೆ. ನಂಬರ್ ಮಾತ್ರ ಅಲುಗಿಲ್ಲ. ಎರಡೂ ಭುಜದ ಮೇಲೆ ಪಟ್ಟಿ ಕೊರೆದ ಕಪ್ಪು ಗೆರೆ ಇದೆ, ಮಳೆಗಾಲದಲ್ಲಿ ಎದೆಯ ಕೆಳಗೆ ಬೊಕ್ಕೆ ಏಳುತ್ತೆ. "ಏನ್ ಮಾಡ್ಲಿಕ್ಕೆ ಬರ್ತದ, ವಯಸ್ಸಾತು" ಅಂತಾಳೆ. ವಯಸ್ಸಿನ ಜೊತೆ ಅಂಗಾಲಿಗೆ ಮೆತ್ತನೆ ಚಪ್ಪಲಿ ಬಂತು, ಕಣ್ಣಿಗೆ ಹೊಸ ಕನ್ನಡಕ ಬಂತು. ಬಾಡಿ ಯಾಕೆ ಬದಲಾಗಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ತಾಲ್ಲೂಕುಗಳ ಒಂದು ಸಣ್ಣ ಇತಿಹಾಸವೇ ಕೈಗೆ ಸಿಗುತ್ತೆ.

ಮೊದಲು ಹೆಸರುಗಳನ್ನೇ ನೋಡಿ. ಮೇಲೆ ತೊಡೋದಕ್ಕೆ ನಮ್ಮಲ್ಲಿ "ಜಂಪರ್" ಅಂತಾರೆ, ಅದು ಇಂಗ್ಲಿಷಿನಿಂದ ಬಂದದ್ದು. ಮರಾಠಿ ಮನೆಗಳಲ್ಲಿ "ಚೋಳಿ", "ಪೋಲ್ಕ". ಮೈಸೂರು ಕಡೆಯವರಿಗೆ "ರವಿಕೆ". ಇವೆಲ್ಲಕ್ಕಿಂತ ಹಳೆಯದು "ಕುಪ್ಪಸ", ನಮ್ಮ ಬಾಯಲ್ಲಿ "ಕುಬಸ". ಸಂಸ್ಕೃತದ ಕೂರ್ಪಾಸ ಅನ್ನೋ ಶಬ್ದದ ನಂಟು ಅದಕ್ಕಿದೆ. ಇನ್ನು "ಬಾಡಿ". ಇದನ್ನು ಹಳ್ಳಿಯವರ ತಪ್ಪು ಇಂಗ್ಲಿಷ್ ಅಂತ ಬೆಂಗಳೂರಿನ ನನ್ನ ಗೆಳತಿಯರು ನಗ್ತಾರೆ. ಆದರೆ ಇಂಗ್ಲಿಷಿನ ಬಾಡಿಸ್ ಅನ್ನೋ ಶಬ್ದವೇ ಹುಟ್ಟಿದ್ದು ಬಾಡಿ ಶಬ್ದದ ಬಹುವಚನದಿಂದ. ಎಡ ಒಂದು, ಬಲ ಒಂದು, ಎರಡು ಹೋಳು ಸೇರಿಸಿ ಕಟ್ಟುತ್ತಿದ್ದ ಉಡುಪನ್ನು ಅಲ್ಲಿಯವರೂ "ಒಂದು ಜೊತೆ ಬಾಡಿ" ಅಂತಲೇ ಕರೀತಿದ್ದರು. ನಮ್ಮ ಅವ್ವಂದಿರು ತಿಳಿಯದೇ ಮೂಲ ಶಬ್ದಕ್ಕೇ ಹೋಗಿ ಮುಟ್ಟಿದ್ದಾರೆ!

ಈಗ ಉಡುಪಿಗೆ ಬರೋಣ. ಹಳಿಯಾಳ, ಮೊನ್ನೆ ಮೊನ್ನೆವರೆಗೂ ಅದರೊಳಗೇ ಇದ್ದ ದಾಂಡೇಲಿ, ಪಕ್ಕದ ಜೋಯಿಡಾ, ಆಚೆಗೆ ಮುಂಡಗೋಡ. ಈ ನಾಲ್ಕು ತಾಲ್ಲೂಕು ಘಟ್ಟದ ಮೇಲಿನ ಉತ್ತರ ಕನ್ನಡ. ಒಂದು ಕಡೆ ಧಾರವಾಡದ ಎರೆನೆಲ, ಇನ್ನೊಂದು ಕಡೆ ಗೋವೆಯ ಕಾಡು. ಇಷ್ಟು ಸಣ್ಣ ಜಾಗದಲ್ಲಿ ಹೆಂಗಸರು ಎದೆಯ ಮೇಲೆ ಬಟ್ಟೆ ತೊಡುವ ರೀತಿ ಎಷ್ಟೊಂದು ಬಗೆ ಇತ್ತು ಅಂದ್ರೆ, ಒಂದು ಬಸ್ಸಿನಲ್ಲಿ ಕೂತರೆ ಮೂರ್ನಾಲ್ಕು ಪದ್ಧತಿ ಕಾಣಬಹುದಿತ್ತು.

ಜೋಯಿಡಾದ ಕುಣಬಿ ಹೆಂಗಸರು, ಗಡ್ಡೆ ಗೆಣಸಿನ ಮೇಳದಿಂದ ಈಗ ಎಲ್ಲರಿಗೂ ಗೊತ್ತಾಗಿರೋ ಅದೇ ಸಮುದಾಯದವರು, ಮೊಣಕಾಲವರೆಗೆ ಬರೋ ಸೀರೆಯನ್ನು ಎದೆಯ ಮೇಲೆ ತಂದು ಭುಜದ ಹತ್ತಿರ ಗಂಟು ಹಾಕುತ್ತಿದ್ದರು. ಒಳಗೆ ಕುಬಸ ಇಲ್ಲ. ಘಟ್ಟದ ಕೆಳಗೆ ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸರದ್ದೂ ಇಂಥದೇ ರೀತಿ, ಕುತ್ತಿಗೆ ತುಂಬ ಮಣಿಸರ ಬೇರೆ. ಸಾವಿರಾರು ಗಿಡ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡಾಗ ಬರಿಗಾಲಲ್ಲಿ, ಅದೇ ಉಡುಗೆಯಲ್ಲಿ ಹೋಗಿದ್ದನ್ನು ಇಡೀ ದೇಶ ನೋಡಿತು. ಎಪ್ಪತ್ತು ದಾಟಿದ್ದ ಆ ಹಿರಿಯರ ನಡಿಗೆಯಲ್ಲಿ ಯಾವ ಮುಜುಗರವೂ ಕಾಣಲಿಲ್ಲ.

ಮುಂಡಗೋಡಕ್ಕೆ 1966ರ ಹೊತ್ತಿಗೆ ಟಿಬೆಟನ್ನರು ಬಂದು ನೆಲೆಸಿದರು. ಅವರ ಹೆಂಗಸರ ಚುಪಾ ನೋಡಿದ್ದೀರಾ? ಮೈಗೆ ಸುತ್ತಿ, ಹಿಂದೆ ಮಡಿಕೆ ಎಳೆದು, ಸೊಂಟದ ಹತ್ತಿರ ಕಟ್ಟೋದು. ಮೈ ಸಣ್ಣ ಆದರೆ ಮಡಿಕೆ ಹೆಚ್ಚು, ದಪ್ಪ ಆದರೆ ಮಡಿಕೆ ಕಡಿಮೆ. ಉಡುಪು ಅದೇ.

ಉಳಿದ ನಮ್ಮಂಥ ಬಯಲುಸೀಮೆ ಬಳುವಳಿಯ ಮನೆಗಳಲ್ಲಿ ಕುಬಸ. ಗುಳೇದಗುಡ್ಡದಲ್ಲಿ ನೇಯ್ದ ಕಣ, ಎರಡೂ ಕಡೆ ಅಂಚು. ಆ ಅಂಚು ತೋಳಿನ ತುದಿಗೂ ಕೆಳಗಿನ ಪಟ್ಟಿಗೂ ಬರೋ ಹಾಗೆ ಕತ್ತರಿಸಿ ಹೊಲಿಯೋದು. ಕಂಕುಳಿನ ಕೆಳಗೆ ಕೈ ಆಡಲಿ ಅಂತ ಬೇರೆ ತುಂಡು ಕೂಡಿಸೋದು. ಮುಂದುಗಡೆ ಗುಂಡಿ ಇಲ್ಲ, ಹುಕ್ ಇಲ್ಲ. ಎರಡು ತುದಿಯನ್ನು ಎದೆಯ ಕೆಳಗೆ ತಂದು ಬಿಗಿಯಾಗಿ ಗಂಟು ಹಾಕೋದು. ಆ ಗಂಟೇ ಎದೆಯನ್ನು ಕೆಳಗಿನಿಂದ ಎತ್ತಿ ಹಿಡಿಯೋದು. ನಮ್ಮ ಅಜ್ಜಿ ಕೊನೆಯವರೆಗೂ ಇದನ್ನೇ ತೊಟ್ಟಳು. ಗದ್ದೆಗೆ ಹೋಗುವಾಗ ಗಂಟು ಬಿಗಿ, ಊಟ ಆಗಿ ಅಡ್ಡಾಗುವಾಗ ಸಡಿಲ. ಹಾಲೂಡಿಸುವಾಗ ಬಿಚ್ಚಿದರಾಯ್ತು. ಭುಜ ನೋಯುತ್ತಿದ್ದ ಮುದುಕಿಯೂ ಕೈ ಹಿಂದಕ್ಕೆ ತಿರುಗಿಸದೆ ತಾನೇ ಹಾಕಿಕೊಳ್ಳಬಹುದಾಗಿತ್ತು.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಕುಣಬಿಯ ಭುಜದ ಗಂಟು, ಟಿಬೆಟನ್ನರ ಸೊಂಟದ ಕಟ್ಟು, ನಮ್ಮ ಕುಬಸದ ಗಂಟು. ಜಾತಿ ಬೇರೆ, ಭಾಷೆ ಬೇರೆ, ದೇವರು ಬೇರೆ. ಆದರೆ ಮೂರೂ ಉಡುಪು ಮೈಯ ಅಳತೆಯನ್ನು ದಿನಾ ಬೆಳಿಗ್ಗೆ ಹೊಸದಾಗಿ ಕೇಳುತ್ತಿದ್ದವು. ನಿನ್ನೆಯ ಮೈಗೆ ನಿನ್ನೆಯ ಗಂಟು, ಇವತ್ತಿನ ಮೈಗೆ ಇವತ್ತಿನದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಅಳತೆ ಅನ್ನೋದು ಬದಲಾಗೋ ಮೌಲ್ಯ ಆಗಿತ್ತು, ಯಾರೋ ಒಮ್ಮೆ ಬರೆದು ಮರೆತುಬಿಟ್ಟ ಸ್ಥಿರಾಂಕ ಆಗಿರಲಿಲ್ಲ.

ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನು ಹೇಳ್ತಾ ಇಲ್ಲ. ಎದೆಯ ಮೇಲಿನ ಬಟ್ಟೆ ಎಂದೂ ಬರೀ ಬಟ್ಟೆ ಆಗಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲುವಸ್ತ್ರ ತೊಡುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿ, ಏಟು ತಿಂದು, 1859ರಲ್ಲಿ ರಾಜಾಜ್ಞೆ ಪಡೆಯಬೇಕಾಯಿತು. ಬಂಗಾಳದಲ್ಲಿ ಅದೇ ಕಾಲಕ್ಕೆ ಠಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಸೀರೆಯ ಜೊತೆ ರವಿಕೆ, ಲಂಗ ತೊಟ್ಟು ಹೊರಗೆ ಬಂದರು. ಒಂದು ಕಡೆ ಮುಚ್ಚಿಕೊಳ್ಳೋದು ಹಕ್ಕು, ಇನ್ನೊಂದು ಕಡೆ ಮುಚ್ಚಿಕೊಳ್ಳದೆ ಇರೋದು ಪದ್ಧತಿ, ಮತ್ತೊಂದು ಕಡೆ ಅದೇ ಪದ್ಧತಿ ನೋಡಿ ಪೇಟೆಯವರ ಕಿಸಿಕಿಸಿ ನಗು. ಕಾಡಿನಿಂದ ಸಂತೆಗೆ ಬಂದ ಹೆಂಗಸಿಗೆ ಆ ನಗು ಚೆನ್ನಾಗಿ ಅರ್ಥ ಆಗ್ತಿತ್ತು. ಆಕೆಯ ಮಗಳು ಜಂಪರ್ ತೊಟ್ಟಿದ್ದು ಬರೀ ಫ್ಯಾಶನ್ನಿಗೆ ಅಲ್ಲ.

ಈಗ ಸಮುದ್ರದ ಆಚೆ ಏನಾಗ್ತಿತ್ತು ನೋಡೋಣ. ಬ್ರಾ ಅಮೆರಿಕದವರ ಕಂಡುಹಿಡಿತ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆದರೆ ಆಸ್ಟ್ರಿಯಾದ ಲೆಂಗ್‌ಬರ್ಗ್ ಅನ್ನೋ ಕೋಟೆಯನ್ನು 2008ರಲ್ಲಿ ದುರಸ್ತಿ ಮಾಡುವಾಗ ನೆಲದ ಕೆಳಗಿನ ಕಸದಲ್ಲಿ 15ನೇ ಶತಮಾನದ ನಾರುಬಟ್ಟೆಯ ಬ್ರಾಗಳು ಸಿಕ್ಕವು. ಎರಡು ಬಟ್ಟಲು, ಭುಜದ ಪಟ್ಟಿ, ಎಲ್ಲ ಇತ್ತು. ಆಮೇಲೆ ನೂರಾರು ವರ್ಷ ಯುರೋಪಿನ ಹೆಂಗಸರನ್ನು ಕಾರ್ಸೆಟ್ ಆಳಿತು. ತಿಮಿಂಗಿಲದ ಬಾಯಿಯ ಕಡ್ಡಿ, ಆಮೇಲೆ ಉಕ್ಕಿನ ಕಡ್ಡಿ ಸೇರಿಸಿ ಹೊಲಿದ ಪಂಜರ ಅದು.

ಮೇರಿ ಫೆಲ್ಪ್ಸ್ ಜೇಕಬ್ ಅನ್ನೋ ಅಮೆರಿಕದ ತರುಣಿ ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ ಸೇರಿಸಿ ಹೊಲಿದ ಒಳಉಡುಪಿಗೆ 1914ರ ನವೆಂಬರ್ 3ರಂದು ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ಆಕೆ ವಾರ್ನರ್ ಅನ್ನೋ ಕಾರ್ಸೆಟ್ ಕಂಪನಿಗೆ 1500 ಡಾಲರಿಗೆ ಮಾರಿದಳು. ನನಗೆ ಖುಷಿ ಕೊಟ್ಟಿದ್ದು ಬೇರೆ ಸಂಗತಿ. ಆ ಪೇಟೆಂಟಿನ ಬ್ರಾದಲ್ಲಿ ನಂಬರ್ ಇರಲಿಲ್ಲ. ಪಟ್ಟಿಗಳನ್ನು ಹಿಂದಿನಿಂದ ಸುತ್ತಿ ತಂದು ಮುಂದೆ ಕಟ್ಟಿಕೊಳ್ಳೋದು, ಹಾಗಾಗಿ ಬೇರೆ ಬೇರೆ ಮೈಯವರಿಗೆ ಒಂದೇ ಉಡುಪು ಹೊಂದುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ. ಅಂದ್ರೆ ಅದೂ ಒಂದು ಬಗೆಯ ಕುಬಸವೇ!

ನಂಬರ್ ಬಂದದ್ದು ಕಾರ್ಖಾನೆ ಬಂದ ಮೇಲೆ. ಸಾವಿರಗಟ್ಟಲೆ ಒಂದೇ ಥರ ಹೊಲಿದು ಡಬ್ಬಿಯಲ್ಲಿ ಹಾಕಿ ದೂರದೂರಿಗೆ ಕಳಿಸಬೇಕು ಅಂದ್ರೆ ಡಬ್ಬಿಯ ಮೇಲೆ ಏನೋ ಬರೀಬೇಕಲ್ಲ. 1932ರಲ್ಲಿ ಎಸ್. ಎಚ್. ಕ್ಯಾಂಪ್ ಅನ್ನೋ ಅಮೆರಿಕದ ಕಂಪನಿ ಎದೆಯ ಗಾತ್ರಕ್ಕೆ ಎ, ಬಿ, ಸಿ, ಡಿ ಅಕ್ಷರ ಜೋಡಿಸಿತು. ಕೆಲವೇ ವರ್ಷದಲ್ಲಿ ಉಳಿದವರೂ ಅದನ್ನು ಹಿಡಿದರು. ಹೀಗೆ ಎದೆಗೆ ಎರಡು ಅಳತೆ ಬಂತು. ಅಂಕಿ ಎದೆಗೂಡಿನದು, ಅಂದ್ರೆ ಮೊಲೆಯ ಕೆಳಗೆ ಪಕ್ಕೆಲುಬಿನ ಸುತ್ತಳತೆಯದು. ಅಕ್ಷರ ಬಟ್ಟಲಿನದು. ಈ ಎರಡು ಬೇರೆ ಬೇರೆ ಅನ್ನೋ ಮಾತು ನಮ್ಮೂರಿಗೆ ಬರುವ ದಾರಿಯಲ್ಲಿ ಎಲ್ಲೋ ಬಿದ್ದುಹೋಯ್ತು. ಅಂಕಿ ಮಾತ್ರ ಬಂದು ಮುಟ್ಟಿತು.

ಬಂದ ದಾರಿಯಾದರೂ ಯಾವುದು? 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಶುರುವಾಯ್ತು. ಬೇರೆ ಬೇರೆ ಸೀಮೆಯ ಕುಟುಂಬಗಳು ಕೆಲಸಕ್ಕೆ ಬಂದವು, ಪೇಟೆ ಬೆಳೀತು. ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದಾಗ ಹಳೆಯ ಸೂಪಾ ಊರು ನೀರಿನೊಳಗೆ ಹೋಯ್ತು, ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು, ಜನ ರಾಮನಗರದಂಥ ಹೊಸ ಜಾಗಗಳಲ್ಲಿ ಮನೆ ಕಟ್ಟಿಕೊಂಡರು. ರಸ್ತೆ, ಶಾಲೆ, ಬಸ್ಸು, ಹೊಲಿಗೆ ಮಷೀನು. ಈ ಗದ್ದಲದ ನಡುವೆ ಕುಬಸದ ಗಂಟು ಬಿಚ್ಚಿ ಜಂಪರಿನ ಹುಕ್ ಬಂತು. ಗಂಟು ಹೋದ ಮೇಲೆ ಎದೆಯನ್ನು ಎತ್ತಿ ಹಿಡಿಯೋರು ಯಾರು? ಅದಕ್ಕೆ ಒಳಗೆ ಬಾಡಿ ಬಂತು. ಹಿಂದೆ ಒಂದೇ ಬಟ್ಟೆ ಮಾಡ್ತಿದ್ದ ಕೆಲಸಕ್ಕೆ ಈಗ ಎರಡು ಬಟ್ಟೆ.

ಜಂಪರ್ ಕೂಡ ಒಂದು ಮಟ್ಟಿಗೆ ಮೈಯ ಮಾತು ಕೇಳ್ತಿತ್ತು. ನಮ್ಮ ಕಡೆಯ ಟೇಲರ್‌ಗಳು ಬದಿಯ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರ್ತಾರೆ. ದಪ್ಪ ಆದರೆ ಒಂದು ಸಾಲು ಬಿಚ್ಚು, ಸಣ್ಣ ಆದರೆ ಇನ್ನೊಂದು ಸಾಲು ಹಾಕು. ಹೊಸದು ಹೊಲಿಸಲು ಹೋಗುವಾಗ ಹಳೆಯ "ಅಳತಿ ಜಂಪರ್" ಒಯ್ಯೋದು ರೂಢಿ, ಗಂಡಸು ಟೇಲರ್ ಮೈಗೆ ಟೇಪು ಹಿಡಿಯೋ ಪ್ರಸಂಗ ತಪ್ಪುತ್ತಲ್ಲ! ಅಂಥ ಅಳತಿ ಜಂಪರುಗಳಿಗೆ ಕೆಲವು ಮನೆಗಳಲ್ಲಿ ಹತ್ತು ಹದಿನೈದು ವರ್ಷ ವಯಸ್ಸು. ಆದರೂ ಒಳಗೆ ಬಿಟ್ಟ ಬಟ್ಟೆ ಕಾಪಾಡ್ತಿತ್ತು. ಬಾಡಿಗೆ ಆ ಸೌಲಭ್ಯವೂ ಇಲ್ಲ. ಹಿಂದುಗಡೆ ಎರಡು ಮೂರು ಸಾಲು ಹುಕ್ಕು, ಅಲ್ಲಿಗೆ ಮುಗೀತು.

ಗಂಟು, ಬಿಟ್ಟ ಬಟ್ಟೆ, ಮೂರು ಸಾಲು ಹುಕ್ಕು. ಎರಡು ತಲೆಮಾರಿನಲ್ಲಿ ಹೆಂಗಸರ ಉಡುಪು ಮೈಗೆ ಕೊಡುತ್ತಿದ್ದ ಅವಕಾಶ ಹೀಗೆ ಕಡಿಮೆ ಆಗ್ತಾ ಬಂತು. ಹರೆಯದಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ. ವಯಸ್ಸಾದ ಮೇಲೆ ಗೊತ್ತಾಗುತ್ತೆ. ಯಾಕೆ ಅಂದ್ರೆ ಮುಟ್ಟು ನಿಂತ ಮೇಲೆ ಎದೆಯ ಒಳಗಿನ ಹಾಲಿನ ಗ್ರಂಥಿಗಳು ಕುಗ್ಗಿ ಆ ಜಾಗಕ್ಕೆ ಕೊಬ್ಬು ಬರುತ್ತೆ, ಒಳಗಿನಿಂದ ಹಿಡಿದಿದ್ದ ನಾರುಗಳು ಸಡಿಲ ಆಗ್ತವೆ, ಎದೆ ಕೆಳಗಿಳಿದು ಪಕ್ಕಕ್ಕೆ ಹರಡುತ್ತೆ. ಚರ್ಮ ತೆಳುವಾಗಿ ಬೇಗ ಕೆರೆತ ಏಳುತ್ತೆ. ಬೆನ್ನು ಬಾಗಿದರೆ ಪಟ್ಟಿ ಕೂರೋ ಜಾಗವೇ ಬದಲಾಗುತ್ತೆ. ಭುಜ ಹಿಡಿದರೆ ಹಿಂದಿನ ಹುಕ್ ಕೈಗೆ ಎಟುಕಲ್ಲ. ಹಾಗಾಗಿ ಎಷ್ಟೋ ಹಿರಿಯರು ಮುಂದೆ ಹುಕ್ ಹಾಕಿ, ಆಮೇಲೆ ಗರಗರ ತಿರುಗಿಸಿ ಹಿಂದಕ್ಕೆ ತಂದುಕೊಳ್ತಾರೆ. ಬೇರೆ ಹಿರಿಯರನ್ನು ಕೇಳಿ ನೋಡಿ, "ನಾನೂ ಹಂಗ ಮಾಡ್ತೀನಿ" ಅಂತಾರೆ.

ಅವ್ವನ 40ರ ಕಥೆಯೂ ಇದೇ. ಕೇಳಿದಾಗ ಗೊತ್ತಾಗಿದ್ದು: ಎಷ್ಟೋ ವರ್ಷದ ಹಿಂದೆ ಟೇಲರ್ ಜಂಪರಿಗೆ ಎದೆಯಳತೆ ನಲವತ್ತು ಅಂತ ಬರೆದುಕೊಂಡಿದ್ದ, ಆಕೆ ಅದನ್ನೇ ಬಾಡಿಯ ನಂಬರ್ ಅಂತ ಹಿಡಿದಿದ್ದಳು. ಹೋದ ದೀಪಾವಳಿಗೆ ಊರಿಗೆ ಹೋದಾಗ ಟೇಪು ಹಿಡಿದು ಅಳೆದೆ. ಎದೆಯ ಕೆಳಗೆ 35 ಇಂಚು. ಎದೆಯ ತುಂಬಿದ ಜಾಗದಲ್ಲಿ 39. ಲೆಕ್ಕ ಸುಲಭ ಇದೆ. ಕೆಳಗಿನ ಅಳತೆಯನ್ನು ಹತ್ತಿರದ ಸಮಸಂಖ್ಯೆಗೆ ಏರಿಸಿದರೆ 36, ಅದು ಅಂಕಿ. 39ರಲ್ಲಿ 36 ಕಳೆದರೆ 3. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಂದ್ರೆ ಆಕೆಗೆ ಬೇಕಾದದ್ದು 36 ಸಿ. ತೊಡ್ತಾ ಇದ್ದದ್ದು 40 ಬಿ.

ನಾಲ್ಕು ಇಂಚು ಸಡಿಲ ಆದರೆ ಏನಾಗುತ್ತೆ? ಬ್ರಾದ ಭಾರ ಹೊರಬೇಕಾದದ್ದು ಎದೆಗೂಡಿಗೆ ಸುತ್ತೋ ಪಟ್ಟಿ, ಭುಜದ ಪಟ್ಟಿ ಅಲ್ಲ. ಕುಬಸದಲ್ಲಿ ಗಂಟು ಮಾಡ್ತಿದ್ದ ಕೆಲಸವೇ ಅದು. ಸುತ್ತುಪಟ್ಟಿ ಸಡಿಲ ಆದರೆ ಬೆನ್ನಿನ ಮೇಲೆ ಏರುತ್ತೆ, ಎದೆ ಕೆಳಗೆ ಜಾರುತ್ತೆ. ಜಾರಿತು ಅಂತ ಭುಜದ ಪಟ್ಟಿ ಎಳೆದು ಬಿಗಿ ಮಾಡ್ತಾರೆ. ಆಗ ಪೂರ್ತಿ ಭಾರ ಭುಜಕ್ಕೆ. ಕಪ್ಪು ಗೆರೆ, ಕುತ್ತಿಗೆ ನೋವು. ಜಾರಿದ ಎದೆಯ ಕೆಳಗೆ ಚರ್ಮಕ್ಕೆ ಚರ್ಮ ತಾಗಿ ಬೆವರು ನಿಂತು ಬೊಕ್ಕೆ. "ಬಿಗಿ ಆಗ್ತದ" ಅಂತ ಅಂಗಡಿಗೆ ಹೋದರೆ ಇನ್ನೂ ದೊಡ್ಡ ನಂಬರ್ ಕೊಡ್ತಾರೆ, 42. ರೋಗಕ್ಕೆ ರೋಗವನ್ನೇ ಔಷಧಿ ಕೊಟ್ಟ ಹಾಗೆ.

ಇದು ನಮ್ಮೂರಿನವರ ದಡ್ಡತನ ಅಂತ ಯಾರೂ ಅಂದುಕೊಳ್ಳಬೇಡಿ. ಬಟ್ಟೆ ಎಳೆದರೆ ಬಗ್ಗದ ಕಾಲದಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲೂ ಕೆಳಗಿನ ಅಳತೆಗೆ ನಾಲ್ಕೈದು ಇಂಚು ಕೂಡಿಸೋ ಪದ್ಧತಿ ಇತ್ತು. ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಎಲಾಸ್ಟೇನ್ ಅನ್ನೋ ಹಿಗ್ಗುವ ನೂಲು ಕಂಡುಹಿಡಿದ ಮೇಲೆ ಪಟ್ಟಿಯೇ ಹಿಗ್ಗತೊಡಗಿತು, ಕೂಡಿಸೋ ಅಗತ್ಯ ಹೋಯ್ತು. ಆದರೆ ಲೆಕ್ಕ ಹಾಗೇ ಉಳೀತು, ಎಷ್ಟೋ ಕಡೆ ಈಗಲೂ ಇದೆ. 35ಕ್ಕೆ 5 ಕೂಡಿಸಿ ನೋಡಿ. ಅವ್ವನ ನಂಬರೇ ಬರುತ್ತೆ.

ಇನ್ನು ನಾಚಿಕೆಯ ಲೆಕ್ಕ. ನಮ್ಮಲ್ಲಿ ಒಗೆದ ಬಾಡಿಯನ್ನು ಬಯಲಿಗೆ ಹಾಕಲ್ಲ. ಸೀರೆಯ ಕೆಳಗೋ, ಟವೆಲ್ಲಿನ ಕೆಳಗೋ, ಬಚ್ಚಲ ಮನೆಯ ಮೂಲೆಯಲ್ಲೋ ಹಾಕ್ತಾರೆ. ನಮ್ಮ ಮಳೆ ನಿಮಗೆ ಗೊತ್ತಲ್ಲ, ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರ್. ಅರ್ಧ ಒಣಗಿದ್ದನ್ನೇ ತೊಡೋದು. ಬೊಕ್ಕೆಗೆ, ಬೂಷ್ಟಿನ ಕೆರೆತಕ್ಕೆ ಇದಕ್ಕಿಂತ ಒಳ್ಳೆಯ ಹೊಲ ಬೇಕಾ? ಹಾಗೇ ಬಿಸಿನೀರಲ್ಲಿ ನೆನೆಸಿಟ್ಟು ತಿಕ್ಕಿದರೆ ಹಿಗ್ಗುವ ನೂಲು ಸತ್ತುಹೋಗುತ್ತೆ. ಸತ್ತ ಪಟ್ಟಿಯನ್ನು ಪಿನ್ನು ಹಾಕಿ ಇನ್ನೆರಡು ವರ್ಷ ತೊಡ್ತಾರೆ. ಹಳೆಯ ಸೀರೆ, ಕುಬಸಗಳಿಗೆ ನಮ್ಮಲ್ಲಿ ಗೌರವದ ಕೊನೆ ಇದೆ. ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಅವನ್ನೆಲ್ಲ ತುಂಡು ಮಾಡಿ, ಬಣ್ಣ ಕೂಡಿಸಿ, ಕೈಯಲ್ಲೇ ಹೊಲಿಯೋ ಕವದಿಗಳು ಈಗ ದೊಡ್ಡ ದೊಡ್ಡ ಪ್ರದರ್ಶನಗಳಿಗೂ ಹೋಗ್ತವೆ. ಬಾಡಿಗೆ ಅಂಥ ಗತಿ ಇಲ್ಲ. ಕಣ್ಣಿಗೆ ಬೀಳದೆ ಬಂತು, ಕಣ್ಣಿಗೆ ಬೀಳದೆ ಹೋಗಬೇಕು.

ಕಣ್ಣಿಗೆ ಬೀಳಬಾರದು ಅನ್ನೋ ಈ ಹಟವೇ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸೋದು. ಭಾರತದ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಕಾಣಿಸ್ತಿರೋ ಕ್ಯಾನ್ಸರ್ ಸ್ತನದ್ದು. ಗಂಟು, ಚರ್ಮ ಕುಳಿ ಬೀಳೋದು, ತೊಟ್ಟು ಒಳಗೆ ಎಳೆದುಕೊಳ್ಳೋದು, ಹಾಲಲ್ಲದ ದ್ರವ ಬರೋದು, ಒಂದು ಕಡೆಯ ಆಕಾರ ಇದ್ದಕ್ಕಿದ್ದಂತೆ ಬದಲಾಗೋದು. ಇವು ಕಂಡ ವಾರವೇ ಡಾಕ್ಟರ ಹತ್ತಿರ ಹೋಗಬೇಕು. ನೋವಿಲ್ಲ ಅಂತ ಸುಮ್ಮನಿರಬಾರದು, ಶುರುವಿನಲ್ಲಿ ಬಹಳಷ್ಟು ಸಲ ನೋವಿರಲ್ಲ. ಆದರೆ ಅಂಗಡಿಯಲ್ಲಿ "ಬಾಡಿ" ಅನ್ನೋಕೇ ದನಿ ತಗ್ಗಿಸೋರು ಆಸ್ಪತ್ರೆಯಲ್ಲಿ ಗಂಟು ಇದೆ ಅಂತ ಹೇಗೆ ಹೇಳ್ತಾರೆ? ನಾನು ಅವ್ವನ ಎದೆಗೆ ಟೇಪು ಹಿಡಿದ ದಿನ ಆಕೆ ನಕ್ಕು, "ನಿಮ್ಮಪ್ಪನ್ನ ಬಿಟ್ರ, ನಲವತ್ತು ವರ್ಷದಾಗ ಇದನ್ನ ನೋಡಿದಾಕಿ ನೀನ ಒಬ್ಬಾಕಿ" ಅಂದಳು. ನಗೆಯ ಮಾತೇ. ಆದರೂ ಒಂದು ಕ್ಷಣ ನನಗೆ ನಗು ಬರಲಿಲ್ಲ.

ಇದರ ಜೊತೆಗೆ ವಾಟ್ಸಾಪಿನಲ್ಲಿ ಬ್ರಾ ಹಾಕಿದರೇ ಕ್ಯಾನ್ಸರ್ ಬರುತ್ತೆ ಅನ್ನೋ ಮಾತೂ ಓಡಾಡ್ತಿದೆ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮುಟ್ಟು ನಿಂತ, 55ರಿಂದ 74 ವರ್ಷದ ಹೆಂಗಸರನ್ನೇ ಕೇಳಿ ನೋಡಿ 2014ರಲ್ಲಿ ವರದಿ ಕೊಟ್ಟರು. ಎಷ್ಟು ತಾಸು ತೊಡ್ತಾರೆ, ಎಷ್ಟನೇ ವಯಸ್ಸಿನಿಂದ ತೊಡ್ತಿದ್ದಾರೆ, ತಂತಿ ಇದೆಯಾ ಇಲ್ಲವಾ, ಯಾವುದಕ್ಕೂ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಹಾಗಾಗಿ ಹೆದರಬೇಕಾದದ್ದು ಬ್ರಾಕ್ಕೆ ಅಲ್ಲ, ಮುಚ್ಚಿಡೋದಕ್ಕೆ.

ಅವ್ವನ 36 ಸಿ ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಒಂದು ಅಂಗಡಿಯವರು "ಸಿ ಗಿ ಎಲ್ಲಾ ಇಲ್ಲಿ ನಡಿಯಂಗಿಲ್ರೀ, ಬರೇ ನಂಬರ್" ಅಂದರು. ಅವರದ್ದೂ ತಪ್ಪಲ್ಲ, ಕೇಳೋರೇ ಇಲ್ಲದ ಮಾಲು ತಂದು ಏನು ಮಾಡ್ತಾರೆ? ಬೆಂಗಳೂರಿನಲ್ಲಿ 2011ರಲ್ಲಿ ರಿಚಾ ಕರ್ ಅವರು ಝಿವಾಮೆ ಅನ್ನೋ ಆನ್‌ಲೈನ್ ಅಂಗಡಿ ಶುರು ಮಾಡಿದಾಗ ಅದರ ಹಿಂದೆ ಇದ್ದದ್ದೂ ಇದೇ ಸಂಗತಿ, ಅಂಗಡಿಯವನ ಮುಖ ನೋಡದೆ ಹೆಂಗಸರು ತಮ್ಮ ಅಳತೆ ಹುಡುಕಿಕೊಳ್ಳಲಿ ಅನ್ನೋದು. ಕೊನೆಗೆ ನಾನು ಬೆಂಗಳೂರಿನಿಂದಲೇ ಎರಡು ತಂದೆ. ಹತ್ತಿಯದು, ತಂತಿ ಇಲ್ಲದ್ದು, ಅಗಲ ಪಟ್ಟಿಯದು, ಮುಂದೆ ಹುಕ್ ಇರೋದು. ಮೊದಲ ದಿನ "ಬಿಗಿ ಅನಸ್ತದ" ಅಂದಳು. ವಾರದ ಮೇಲೆ ಫೋನಿನಲ್ಲಿ ಬೇರೆ ಏನೇನೋ ಮಾತಾಡಿ, ಇಡೋ ಮುಂಚೆ, "ಅವು ಇನ್ನೆರಡು ಸಿಗ್ತಾವೇನ? ನಿಮ್ಮ ಚಿಗವ್ವಗೂ ಬೇಕಂತ" ಅಂದಳು.

ನಿಮ್ಮ ಮನೆಯ ಹಿರಿಯರಿಗೂ ಬೇಕಾಗಬಹುದು ಅಂತ ನಾಲ್ಕು ಮಾತು ಹೇಳಿಬಿಡ್ತೀನಿ. ಟೇಪು ಎದೆಯ ಕೆಳಗೆ ಬಿಗಿಯಾಗಿ, ಎದೆಯ ಮೇಲೆ ಹಗುರಾಗಿ ಹಿಡೀಬೇಕು. ಹೊಸದನ್ನು ಕೊನೆಯ ಸಡಿಲ ಹುಕ್ಕಿನಲ್ಲಿ ಹಾಕಿದಾಗಲೇ ಸರಿ ಕೂರಬೇಕು, ಹಿಗ್ಗಿದ ಹಾಗೆ ಒಳಗಿನ ಹುಕ್ಕಿಗೆ ಹೋಗಬೇಕು. ಕೈ ಎತ್ತಿದರೆ ಪಟ್ಟಿ ಮೇಲೇರಬಾರದು, ಅದರ ಕೆಳಗೆ ಎರಡು ಬೆರಳು ಹೋಗಬೇಕು. 36 ಸಿ ಸಿಗದಿದ್ದರೆ 38 ಬಿ ಬಟ್ಟಲು ಅಷ್ಟೇ ಇರುತ್ತೆ, ಪಟ್ಟಿ ಮಾತ್ರ ಸಡಿಲ. ಬಟ್ಟಲು ಸರಿ ಇದ್ದು ಪಟ್ಟಿ ಬಿಗಿಯಾದರೆ ಹುಕ್ಕಿಗೆ ಜೋಡಿಸೋ ಸಣ್ಣ ಪಟ್ಟಿ ಬೇರೆ ಸಿಗುತ್ತೆ. ತಣ್ಣೀರಲ್ಲಿ ಒಗೆದು, ಗಾಳಿಗೆ, ನಾಲ್ಕು ಜನರಿಗೆ ಕಾಣೋ ಹಗ್ಗದ ಮೇಲೇ ಒಣಗಿಸಿ. ಬೊಕ್ಕೆ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿದ್ದಾಗ ಏನೂ ಬೇಡ ಅನಿಸಿದರೆ ಹಾಗೇ ಇರಲಿ, ಅದರಿಂದ ಆರೋಗ್ಯ ಕೆಡೋದಿಲ್ಲ.

ಕೊನೆಗೆ ಒಂದು ಮಾತು. ಚೊಚ್ಚಲ ಬಸುರಿಗೆ ನಮ್ಮಲ್ಲಿ ಮಾಡೋ ಕಾರ್ಯಕ್ಕೆ "ಕುಬಸ" ಅಂತಲೇ ಹೆಸರು. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ತಂದು ತೊಡಿಸಿ ಆರತಿ ಮಾಡ್ತಾರೆ. ಶಾಸ್ತ್ರದ ಅರ್ಥ ಏನೇ ಇರಲಿ, ನನಗೆ ಕಾಣೋದು ಇಷ್ಟು: ಇವಳ ಮೈ ಬದಲಾಗಿದೆ, ಹಳೆಯ ಅಳತೆ ಇನ್ನು ನಡೆಯಲ್ಲ, ಹೊಸದು ಬೇಕು ಅಂತ ನಾಲ್ಕು ಜನರ ಎದುರು, ಹಾಡು ಹೇಳಿ ಒಪ್ಪಿಕೊಳ್ಳೋದು. ಮೈ ಇನ್ನೊಮ್ಮೆ ಅಷ್ಟೇ ಬದಲಾಗೋದು ಐವತ್ತರ ಆಚೀಚೆ. ಆಗ ಯಾವ ಕಾರ್ಯವೂ ಇಲ್ಲ. ಗಂಡ ತೀರಿಕೊಂಡಿದ್ದರಂತೂ ಉಡಿ ತುಂಬೋದೂ ನಿಂತು, ವರ್ಷಕ್ಕೊಂದು ಬರ್ತಿದ್ದ ಕಣವೂ ಬರೋದಿಲ್ಲ. ಅವಳ ಅಳತೆಯನ್ನು ಯಾರೂ ಕೇಳಲ್ಲ, ಅವಳೂ ಹೇಳಲ್ಲ.

ಹಾಗಾಗಿ ಹೊಸ ಶಾಸ್ತ್ರವೇನೂ ಬೇಡ, ಟೇಪು ಸಾಕು. ಹೆಣ್ಣುಮಕ್ಕಳು, ಸೊಸೆಯಂದಿರು ಊರಿಗೆ ಹೋದಾಗ ಬಾಗಿಲು ಹಾಕಿಕೊಂಡು ಎರಡು ಅಳತೆ ತಗೊಂಡು ಬರೆದಿಡಿ, ಎರಡು ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಗಂಡಸರು ಓದ್ತಿದ್ದರೆ, ಅಮ್ಮನ ಬಿಪಿ ಮಷೀನು, ಮೊಣಕಾಲಿನ ಪಟ್ಟಿ ಆರ್ಡರ್ ಮಾಡೋ ಹಾಗೆ ಇದನ್ನೂ ಮಾಡಬಹುದು, ಆಕಾಶ ಬೀಳೋದಿಲ್ಲ. ಅಜ್ಜಿಯ ಕುಬಸ ದಿನಾ ಬೆಳಿಗ್ಗೆ ಕೇಳ್ತಿದ್ದ ಪ್ರಶ್ನೆಯನ್ನು ನಂಬರ್ ಬಂದ ಮೇಲೆ ಯಾರೂ ಕೇಳೋದು ಬಿಟ್ಟರು. ಅದನ್ನು ಈಗ ನಾವು ಬಾಯಿಬಿಟ್ಟೇ ಕೇಳಬೇಕು, "ಅವ್ವಾ, ಬಾಡಿ ಸರಿಯಾಗಿ ಕೂಡ್ತದೇನ?"